ಟಿಶ್ಯೂ ಡಬ್ಬಿಯ ಮೇಲಿನ ಗುರುವಾರ

ಗ್ರೀಸಿನ ನಮ್ಮ ಥೆಸಲೋನಿಕಿಯಲ್ಲಿ ರೋಗಿಯನ್ನು ಏನಾದರೂ ಕೇಳಿ ನೋಡಿ, ಉತ್ತರ ಬರುವುದು ಪಕ್ಕದ ಕುರ್ಚಿಯಿಂದ. ಹೊಟ್ಟೆ ನೋವು ಇದೆಯಾ ಎಂದರೆ ತಾಯಿ ‘ಇದೆ’ ಎನ್ನುತ್ತಾಳೆ. ಕಕ್ಕಸಿಗೆ ಹೋದರಾ ಎಂದರೆ ಹೆಂಡತಿ ಗಂಟೆ ಸಮೇತ ಹೇಳುತ್ತಾಳೆ. ರೋಗಿ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ ಮಲಗಿರುತ್ತಾನೆ. ಇಪ್ಪತ್ತೇಳು ವರ್ಷ ನರ್ಸ್ ಕೆಲಸ ಮಾಡಿ ಇದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಉತ್ತರ ಯಾರ ಬಾಯಿಂದ ಬಂತು ಎಂದು ಗಮನಿಸುವುದನ್ನೇ ಬಿಟ್ಟಿದ್ದೆ. ಅದೇ ನನ್ನ ತಪ್ಪು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಈ ಎವಾಂಥಿಯಾ ಮುಚ್ಚಿಟ್ಟಳು ಅನ್ನಬೇಡಿ.

ಅನೇಸ್ತಿಸ್ ಎಂಬಾತ ನಮ್ಮ ವಾರ್ಡಿಗೆ ಬಂದದ್ದು ಅಕ್ಟೋಬರಿನಲ್ಲಿ. ಐವತ್ತೆಂಟು ವರ್ಷ, ರಕ್ತದ ಕ್ಯಾನ್ಸರ್. ಬಂದರಿನ ಬಳಿಯ ಒಂದು ಊಟದ ಮನೆಯಲ್ಲಿ ಮೂವತ್ತೈದು ವರ್ಷದಿಂದ ಬಡಿಸುವ ಕೆಲಸ. ಹನ್ನೆರಡು ಜನ ಒಟ್ಟಿಗೆ ಕೂತು ಕೂಗಿದರೂ ಕಾಗದದ ಮೇಲೆ ಒಂದಕ್ಷರ ಬರೆಯದೆ, ಯಾರಿಗೆ ಔಝೋ ಸಾರಾಯಿ, ಯಾರಿಗೆ ಸುಟ್ಟ ಆಕ್ಟೋಪಸ್, ಯಾರಿಗೆ ಈರುಳ್ಳಿ ಇಲ್ಲದ ಸಲಾಡ್ ಎಂದು ತಪ್ಪದೆ ತಂದಿಡುವ ಆಸಾಮಿ. ಜರ್ಮನಿಯ ಯಾವನೋ ಪುಣ್ಯಾತ್ಮ, ಹೆಸರೂ ಗೊತ್ತಿಲ್ಲ ಮುಖವೂ ಗೊತ್ತಿಲ್ಲ, ಕೊಟ್ಟ ಅಸ್ಥಿಮಜ್ಜೆಯನ್ನು ಇವನಿಗೆ ಕಸಿ ಮಾಡಿದ್ದೆವು. ಹೊಸ ಮಜ್ಜೆ ಬೇರು ಬಿಡುವ ತನಕ ಮೈಯಲ್ಲಿ ರೋಗದ ಜೊತೆ ಹೊಡೆದಾಡುವ ಶಕ್ತಿ ಏನೇನೂ ಇರುವುದಿಲ್ಲ. ಅದಕ್ಕೇ ಒಂಟಿ ಕೋಣೆ, ಸೋಸಿದ ಗಾಳಿ, ಮುಖಗವಸು ಹಾಕಿದ ಒಬ್ಬರೇ ಒಬ್ಬ ಸಂಬಂಧಿಗೆ ಪ್ರವೇಶ. ಆ ಒಬ್ಬರು ಅವನ ಹೆಂಡತಿ ಪಾರ್ಥೇನಾ. ಬೆಳಗ್ಗೆ ಎಂಟಕ್ಕೆ ಬಂದು ಕುರ್ಚಿ ಹಿಡಿದರೆ ಸಂಜೆ ನಾವು ಓಡಿಸಬೇಕು.

ದಿನಾ ಬೆಳಗ್ಗೆ ನಾನು ಕೇಳಲೇಬೇಕಾದ ಪ್ರಶ್ನೆಗಳಿವೆ. ನಿಮ್ಮ ಹೆಸರೇನು, ಎಲ್ಲಿದ್ದೀರಿ, ಇವತ್ತು ಯಾವ ವಾರ, ಯಾವ ತಿಂಗಳು, ರಾತ್ರಿ ಏನು ತಿಂದಿರಿ. ರೋಗಿಯ ತಲೆ ನೆಟ್ಟಗಿದೆಯೋ ಇಲ್ಲವೋ ನೋಡುವುದಕ್ಕೆ ಇರುವ ಪ್ರಶ್ನೆಗಳು.

“ಅನೇಸ್ತಿಸಣ್ಣ, ಇವತ್ತು ಯಾವ ವಾರ?”

“ಬುಧವಾರ ಅಲ್ವಾ ಸಿಸ್ಟರ್, ಅವರಿಗೆ ಅಷ್ಟೂ ಗೊತ್ತಿಲ್ವಾ?” ಎಂದು ಪಾರ್ಥೇನಾ.

“ನೋಡಿದ್ರಾ? ಇವಳನ್ನ ಮದುವೆ ಆದಮೇಲೆ ನಾನು ಕ್ಯಾಲೆಂಡರ್ ಕೊಂಡಿದ್ದೇ ಇಲ್ಲ” ಎಂದು ಅನೇಸ್ತಿಸ್.

ನಾನು ನಕ್ಕೆ. ‘ಪ್ರಜ್ಞೆ ಸ್ಪಷ್ಟ’ ಎಂದು ಬರೆದು ಸಹಿ ಹಾಕಿದೆ. ಮಂಗಳವಾರ ಹಾಗೇ ಬರೆದಿದ್ದೆ, ಗುರುವಾರವೂ ಹಾಗೇ ಬರೆದೆ.

ಶುಕ್ರವಾರ, ಕಸಿಯಾದ ಇಪ್ಪತ್ತೊಂದನೆಯ ದಿನ, ಪಾರ್ಥೇನಾ ವಾರ್ಡಿನ ಬಾಗಿಲಲ್ಲೇ ಎರಡು ಸಲ ಸೀನಿದಳು. ನಾನು ಅಡ್ಡ ನಿಂತೆ.

“ಒಂದು ಸೀನಿಗೆ ಇಷ್ಟು ದೊಡ್ಡ ಕಥೆನಾ?”

“ಎರಡು ಸೀನು ಪಾರ್ಥೇನಕ್ಕ. ನಿಮ್ಮ ನೆಗಡಿ ಅವರ ಶ್ವಾಸಕೋಶಕ್ಕೆ ಹೋದ್ರೆ ಹೆಣ ಹೊರಬೇಕಾಗತ್ತೆ. ಕೆಳಗೆ ಹೋಗಿ ಕಾಫಿ ಕುಡೀರಿ.”

“ದೂಳಿಗೆ ಬಂದಿದ್ದು ಕಣ್ರೀ. ಮುಖಗವಸು ಎರಡು ಹಾಕ್ಕೋತೀನಿ. ಬೇಕಾದ್ರೆ ಮೂರು ಹಾಕ್ಕೋತೀನಿ.”

“ಹತ್ತು ಹಾಕ್ಕೊಂಡ್ರೂ ಬಿಡಲ್ಲ.”

ಬೈದಾಡುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ನನ್ನ ತೋಳು ಹಿಡಿದು, “ಹಂಗಾದ್ರೆ ಇವತ್ತು ಅವರಿಗೆ ಆ ಪ್ರಶ್ನೆ ಗಿಶ್ನೆ ಕೇಳ್ಬೇಡಿ. ರಾತ್ರಿ ನಿದ್ದೆ ಇಲ್ಲ, ಸುಸ್ತಾಗಿದ್ದಾರೆ” ಎಂದಳು. ಅವಳ ಕೈ ತಣ್ಣಗಿತ್ತು. ರಾತ್ರಿ ಅವಳು ಇಲ್ಲಿರಲೇ ಇಲ್ಲ, ನಿದ್ದೆಯ ವಿಚಾರ ಅವಳಿಗೆ ಹೇಗೆ ಗೊತ್ತು ಎಂದು ಹೊಳೆದದ್ದು ನಾನು ಕೈ ತೊಳೆದು, ಗೌನು ತೊಟ್ಟು ಒಳಗೆ ಹೋಗುವಾಗ.

ಅನೇಸ್ತಿಸ್ ದಿಂಬಿಗೆ ಒರಗಿ ಕೂತಿದ್ದ. ಮುಖದಲ್ಲಿ ನಗು.

“ಪಾರ್ಥೇನಾ ಎಲ್ಲಿ?”

“ನೆಗಡಿ ಆಗಿದೆ. ಒಳಗೆ ಬಿಡಲಿಲ್ಲ.”

“ಅಂತೂ ಮೂವತ್ತು ವರ್ಷ ಆದಮೇಲೆ ದೇವರಿಗೆ ನನ್ನ ಕೂಗು ಕೇಳಿಸ್ತು” ಎಂದ. ನಾನು ನಕ್ಕು, ಬಿಪಿ ಪಟ್ಟಿ ಕಟ್ಟಿದೆ. ಪಟ್ಟಿ ಬಿಚ್ಚುವಷ್ಟರಲ್ಲಿ, “ಪಾರ್ಥೇನಾ ಎಲ್ಲಿ?” ಎಂದ.

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. “ನೆಗಡಿ ಅಂದ್ನಲ್ಲಣ್ಣ.”

“ಅಂತೂ ಮೂವತ್ತು ವರ್ಷ ಆದಮೇಲೆ ದೇವರಿಗೆ ನನ್ನ ಕೂಗು ಕೇಳಿಸ್ತು.”

ಅದೇ ಮಾತು, ಅದೇ ರಾಗ, ಅದೇ ಜಾಗದಲ್ಲಿ ಹುಬ್ಬು ಎತ್ತಿದ್ದು. ನಾನು ಜ್ವರ ನೋಡಿದೆ. ಮೂವತ್ತೇಳೂವರೆ ಡಿಗ್ರಿ, ದೊಡ್ಡ ಜ್ವರವೇನಲ್ಲ. ಡ್ರಿಪ್ ಸರಿಮಾಡಿದೆ. ಬೇಕೆಂದೇ ಸುಮ್ಮನಿದ್ದೆ.

“ಪಾರ್ಥೇನಾ ಎಲ್ಲಿ?”

ಉತ್ತರ ಕೊಡದೆ ಕೇಳಿದೆ, “ಅಣ್ಣ, ಇವತ್ತು ಯಾವ ವಾರ?”

“ಸೂಜಿ ಚುಚ್ಚಿಸ್ಕೊಳ್ಳೋ ವಾರ.”

“ಯಾವ ತಿಂಗಳು?”

“ಸಂಬಳ ಇಲ್ಲದ ತಿಂಗಳು.”

ಅಡುಗೆಮನೆಯಲ್ಲಿ ಮೀನು ಮುಗಿದಿದ್ದರೆ ಒಳ್ಳೆ ಬಡಿಸುವವನು ಮುಗಿದಿದೆ ಅನ್ನುವುದಿಲ್ಲ, ಮಾತಾಡಿ ನಗಿಸಿ ಇನ್ನೇನನ್ನೋ ತಿನ್ನಿಸಿ ಕಳಿಸುತ್ತಾನೆ. ಇವನು ನನಗೆ ದಿನಾ ಅದನ್ನೇ ಮಾಡುತ್ತಿದ್ದ. ನಾನು ಚಪ್ಪರಿಸಿಕೊಂಡು ತಿಂದು ಹೋಗುತ್ತಿದ್ದೆ.

“ತಮಾಷೆ ಬೇಡ. ಸರಿಯಾಗಿ ಹೇಳಿ.”

ನಗು ಹೋಯಿತು. ಕಣ್ಣು ಕೋಣೆಯೆಲ್ಲ ಅಲೆದು, ಕೊನೆಗೆ ಮಂಚದ ಪಕ್ಕದ ಮೇಜಿನ ಮೇಲೆ ನಿಂತಿತು. ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡುವ ಹುಡುಗನ ಹಾಗೆ ಕತ್ತು ಸ್ವಲ್ಪ ವಾಲಿಸಿ, “ಗುರುವಾರ. ನವೆಂಬರ್. ಆಸ್ಪತ್ರೆ, ಮೂರನೇ ಮಹಡಿ” ಎಂದು ಓದಿದ.

ನಾನು ಮೇಜನ್ನು ಸುತ್ತಿ ಹೋಗಿ ನೋಡಿದೆ. ಟಿಶ್ಯೂ ಡಬ್ಬಿ. ಬಾಗಿಲ ಕಡೆಗೆ ಕಾಣದ ಬದಿಯಲ್ಲಿ ಪಾರ್ಥೇನಾಳ ದಪ್ಪ ದಪ್ಪ ಅಕ್ಷರ. ‘ಮಂಗಳವಾರ’ ಗೀಚಿ ಹಾಕಿ ‘ಬುಧವಾರ’, ಅದನ್ನೂ ಗೀಚಿ ‘ಗುರುವಾರ’, ಅದರ ಕೆಳಗೆ ತಿಂಗಳು, ಜಾಗ. ಇವತ್ತಿನದನ್ನು ಬರೆಯಲು ಅವಳನ್ನು ನಾನು ಒಳಗೆ ಬಿಟ್ಟಿರಲಿಲ್ಲ.

ಡಾಕ್ಟರ್ ಝಫೀರಿಸ್ ನನಗಿಂತ ಹತ್ತು ವರ್ಷ ಚಿಕ್ಕವರು, ಅವಸರಕ್ಕೆ ಬೀಳುವವರಲ್ಲ. ಬಂದು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು, ಕೈಕಾಲು ಎತ್ತಿಸಿದರು, ಹೊರಗೆ ಬಂದು ಕಡತ ಬಿಡಿಸಿದರು.

“ನಿನ್ನೆವರೆಗೂ ತಲೆ ಸ್ಪಷ್ಟ ಇದೆಯಲ್ಲ ಸಿಸ್ಟರ್. ನಿನ್ನೆ ರಾತ್ರಿ ಹೊಸ ನಿದ್ದೆ ಮಾತ್ರೆ ಕೊಟ್ಟಿದ್ದೀವಿ. ಇದು ಅದರದ್ದೇ ಅಮಲು. ನಾಳೆವರೆಗೂ ನೋಡೋಣ.”

“ಮಿದುಳಿಗೆ ವೈರಸ್ ಹೋಗಿದ್ರೆ?”

“ಹೋಗಿದ್ರೆ ಕೊಡೋ ಔಷಧಿ ಯಾವುದು ಅಂತ ನಿಮಗೇ ಗೊತ್ತು. ಒಂದು ಔಷಧಿ ಹೊಸ ಮಜ್ಜೆನೇ ಸುಟ್ಟು ಹಾಕತ್ತೆ. ಇನ್ನೊಂದು ಮೂತ್ರಪಿಂಡ ತಿಂದುಬಿಡತ್ತೆ. ಇವರ ಮೂತ್ರಪಿಂಡ ಈಗಲೇ ಕುಂಟ್ತಾ ಇದೆ. ಪರೀಕ್ಷೆಗೆ ಬೆನ್ನುಹುರಿಯಿಂದ ನೀರು ತೆಗೆಯೋಣ ಅಂದ್ರೆ ಪ್ಲೇಟ್‌ಲೆಟ್ ಹದಿನೆಂಟು ಸಾವಿರ, ಚುಚ್ಚಿದ್ರೆ ರಕ್ತ ನಿಲ್ಲಲ್ಲ. ಒಂದು ಮಾತ್ರೆಯ ಅಮಲಿಗೆ ಇಷ್ಟೆಲ್ಲ ಮಾಡ್ಲಾ?”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅವರ ಕೈಯಲ್ಲಿದ್ದ ಕಾಗದದಲ್ಲಿ ತಪ್ಪಿತ್ತು. ಮೂರು ದಿನ, ಮೂರು ಸಹಿ, ಮೂರೂ ನನ್ನವೇ. ನಿವೃತ್ತಿಗೆ ಇನ್ನು ಮೂರು ವರ್ಷ. ಸುಳ್ಳು ದಾಖಲೆ ಬರೆದ ನರ್ಸಿಗೆ ಏನಾಗುತ್ತದೆ ಎಂದು ನಾನೇ ಹೊಸ ಹುಡುಗಿಯರಿಗೆ ಪಾಠ ಮಾಡಿದ್ದೇನೆ. ನಾಳೆವರೆಗೂ ನೋಡೋಣ ಅಂತ ಡಾಕ್ಟರೇ ಹೇಳುತ್ತಿದ್ದಾರೆ, ನಿನಗ್ಯಾಕೆ ಎಂದು ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದು ನಿಜ, ಯಾಕೆ ಸುಳ್ಳು ಹೇಳಲಿ.

“ಡಾಕ್ಟ್ರೇ, ಆ ಮೂರು ದಿನದ್ದು ನಂಬಬೇಡಿ.”

“ಯಾವ ಮೂರು ದಿನ?”

“ಮಂಗಳವಾರ, ಬುಧವಾರ, ಗುರುವಾರ. ಪ್ರಶ್ನೆ ನಾನು ಕೇಳ್ದೆ, ಉತ್ತರ ಹೆಂಡತಿ ಹೇಳಿದ್ಲು. ನಾನು ಬರ್ಕೊಂಡೆ. ಅವರ ಬಾಯಿಂದ ಒಂದು ಸರಿ ಉತ್ತರನೂ ಕೇಳಿಲ್ಲ.”

ಅವರು ನನ್ನ ಮುಖ ನೋಡಿದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. “ಹಾಗಾದ್ರೆ ಶುರುವಾಗಿದ್ದು ಯಾವಾಗ?”

“ನಂಗೊತ್ತಿಲ್ಲ. ಗೊತ್ತಿರೋರು ಕೆಳಗಿದ್ದಾರೆ.”

ಮೆಟ್ಟಿಲು ಇಳಿದೆ, ಲಿಫ್ಟಿಗೆ ಕಾಯಲಿಲ್ಲ. ಪಾರ್ಥೇನಾ ಅಂಗಳದ ಬೆಂಚಿನಲ್ಲಿ ತಣ್ಣನೆ ಕಾಫಿ ಹಿಡಿದು ಕೂತಿದ್ದಳು, ಒಂದು ಗುಟುಕೂ ಕುಡಿದಿರಲಿಲ್ಲ. ನಾನು ಕೇಳಿದ್ದಕ್ಕೆ ಮುಖ ಗಂಟಿಕ್ಕಿ, “ಏನಿಲ್ಲ, ಚೆನ್ನಾಗೇ ಇದ್ರು. ಸುಸ್ತು, ಅಷ್ಟೇ” ಎಂದಳು. ಕೋಣೆಯಿಂದ ಎತ್ತಿಕೊಂಡು ಬಂದಿದ್ದ ಡಬ್ಬಿಯನ್ನು ಅವಳ ಮಡಿಲಲ್ಲಿಟ್ಟೆ.

ಅವಳು ಡಬ್ಬಿ ನೋಡಿದಳು.

“ಮಂಗಳವಾರ ಬೆಳಗ್ಗೆಯಿಂದ” ಎಂದಳು. “ಅಮ್ಮ ಬಂದ್ಲಾ ಅಂತ ಕೇಳಿದ್ರು. ಅತ್ತೆ ಸತ್ತು ಹದಿನಾಲ್ಕು ವರ್ಷ ಆಯ್ತು ಸಿಸ್ಟರ್. ಆಮೇಲೆ ಸರಿಹೋದ್ರು, ಮತ್ತೆ ಕೇಳಿದ್ರು. ಐದು ನಿಮಿಷಕ್ಕೆ ಒಂದ್ಸಲ ಕೇಳಿದ್ರು.”

“ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ನನ್ನ ಗಂಡನಿಗೆ ತಲೆ ಕೆಟ್ಟಿದೆ ಅಂತ ಹೇಳ್ಲಾ? ಅತ್ತೆಗೂ ಕೊನೇಲಿ ಹಿಂಗೇ ಆಗಿತ್ತು. ಮೂರು ವರ್ಷ ಬೀದಿಯವರಿಗೆ ಗೊತ್ತಾಗದ ಹಾಗೆ ನೋಡ್ಕೊಂಡೆ. ನೀವು ಕಾಗದದಲ್ಲಿ ಬರೆದುಬಿಟ್ರೆ ಅದು ಅಳಿಸತ್ತಾ? ಅವರ ಧಣಿ ಅವರನ್ನ ಮತ್ತೆ ಮೇಜಿನ ಹತ್ತಿರ ಬಿಟ್ಕೋತಾರಾ? ಔಷಧಿ ಕಾವು, ಇಳಿಯತ್ತೆ ಅಂದ್ಕೊಂಡೆ.”

ನನಗೆ ಕೆಂಡದಂಥ ಸಿಟ್ಟು ಬಂತು. “ನೀವು ಮಾನ ಕಾಯ್ತಾ ಕೂತ್ರಿ, ಒಳಗೆ ಅವರ ಮಿದುಳನ್ನ ಅದು ತಿಂತಾ ಇದೆ” ಎಂದುಬಿಟ್ಟೆ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಡಬ್ಬಿಯ ಮೇಲೆ ಬರೆದಳು, ನಾನು ಕಡತದಲ್ಲಿ ಬರೆದೆ. ಅವಳಿಗೆ ಬೈಯಲು ನನಗೆ ಯಾವ ಬಾಯಿ?

ಮಂಗಳವಾರ ಎಂದು ಕೇಳಿದ್ದೇ ಡಾಕ್ಟರ್ ಝಫೀರಿಸ್ ಕಂಪ್ಯೂಟರಿನಲ್ಲಿ ರಕ್ತದ ವರದಿಗಳನ್ನು ತೆಗೆದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು. “ಬುಧವಾರದಿಂದ ಸೋಡಿಯಂ ಇಳೀತಾ ಇದೆ. ನೂರ ಮೂವತ್ತಾರು, ಮೂವತ್ತೊಂದು, ಇಪ್ಪತ್ತೇಳು. ಡ್ರಿಪ್ಪಿನ ನೀರು ಜಾಸ್ತಿ ಆಯ್ತು ಅಂದ್ಕೊಂಡಿದ್ದೆ. ಮಿದುಳಿಗೆ ರೋಗ ಹೋದ್ರೂ ಹಿಂಗೇ ಇಳಿಯತ್ತೆ.” ಅವರ ದನಿ ಬದಲಾಯಿತು. “ಮಾತ್ರೆ ಕೊಟ್ಟಿದ್ದು ಗುರುವಾರ ರಾತ್ರಿ. ಮಂಗಳವಾರನೇ ಮರೆವು ಶುರುವಾಗಿದ್ರೆ ಇದು ಮಾತ್ರೆ ಅಲ್ಲ. ಪ್ಲೇಟ್‌ಲೆಟ್ ತರಿಸಿ. ಏರಿಸಿದ ತಕ್ಷಣ ಬೆನ್ನಿಂದ ನೀರು ತೆಗೀತೀನಿ.”

ಈ ವೈರಸ್ ಹುಲಿಯೂ ಅಲ್ಲ ಸಿಂಹವೂ ಅಲ್ಲ. ಹರ್ಪಿಸ್ ಜಾತಿಯಲ್ಲಿ ಆರನೆಯದು. ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಕೂಸುಗಳಿಗೂ ಬಂದು, ಮೂರು ದಿನ ಜ್ವರ ಕೊಟ್ಟು, ಕೆಲವರ ಮೈಮೇಲೆ ಒಂದಿಷ್ಟು ಕೆಂಪು ಗಂದೆ ಎಬ್ಬಿಸಿ, ಆಮೇಲೆ ಒಳಗೇ ಮಲಗಿಬಿಡುತ್ತದೆ. ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ಮೈ ಕಾಯುವವರು ಯಾರೂ ಇಲ್ಲ ಎಂದು ಗೊತ್ತಾದಾಗ ಅದು ಏಳುತ್ತದೆ. ಎದ್ದರೆ ನೇರ ನೆನಪಿನ ಜಾಗಕ್ಕೇ ಹೋಗುತ್ತದೆ.

ಪ್ಲೇಟ್‌ಲೆಟ್ ಬರಲು ಒಂದೂವರೆ ಗಂಟೆಯಾಯಿತು. ಹಳದಿ ಚೀಲ ನೇತುಹಾಕಿ ಅರ್ಧ ಇಳಿದಿತ್ತು. “ಪಾರ್ಥೇನಾ ಎಲ್ಲಿ?” ಎಂದ ಅನೇಸ್ತಿಸ್. ಹೇಳಲು ಬಾಯಿ ತೆರೆದೆ. ಅವನ ಬಾಯಿಯ ಎಡಮೂಲೆ ಜಗ್ಗಿತು, ಕಣ್ಣು ಮೇಲಕ್ಕೆ ಹೋಯಿತು, ಮೈಯೆಲ್ಲ ಸೆಟೆದು ಮಂಚ ಗಡಗಡ ಅಲುಗಿತು. ನಾನು ಅವನನ್ನು ಪಕ್ಕಕ್ಕೆ ಹೊರಳಿಸಿ, ಕರೆಗಂಟೆಯನ್ನು ಮೊಣಕೈಯಿಂದ ಒತ್ತಿ ಹಿಡಿದೆ. ಡಾಕ್ಟರ್ ಬಂದು ಫಿಟ್ಸ್ ನಿಲ್ಲಿಸುವ ಚುಚ್ಚುಮದ್ದು ಕೊಟ್ಟರು. ನಿಲ್ಲಲಿಲ್ಲ. ಇನ್ನೊಂದು ಕೊಟ್ಟರು. ನಾಲ್ಕು ನಿಮಿಷ. ಗೋಡೆಯ ಗಡಿಯಾರವನ್ನು ನಾನು ಅಷ್ಟು ದ್ವೇಷದಿಂದ ಯಾವತ್ತೂ ನೋಡಿಲ್ಲ.

ಮೈ ಸಡಿಲವಾದ ಮೇಲೆ ಡಾಕ್ಟರ್ ಹಣೆ ಒರೆಸಿಕೊಂಡರು. “ಇನ್ನು ಬೆನ್ನಿನ ನೀರಿಗೆ ಕಾಯಲ್ಲ. ಔಷಧಿ ಈಗಲೇ ಶುರು ಮಾಡಿ.”

“ಮೂತ್ರಪಿಂಡದ್ದು?”

“ಮಜ್ಜೆ ಸುಡೋದಕ್ಕಿಂತ ಇದು ವಾಸಿ. ಮೂತ್ರಪಿಂಡ ಹೋದ್ರೆ ಯಂತ್ರ ಇದೆ. ಇದಕ್ಕೆ ಯಂತ್ರ ಇಲ್ಲ” ಎಂದು ಅವನ ತಲೆಯ ಕಡೆ ತೋರಿಸಿದರು.

ಎಂಟು ಗಂಟೆಗೊಮ್ಮೆ, ಪ್ರತಿಸಲ ಎರಡು ಗಂಟೆ ಹೊತ್ತು ಹನಿಸಬೇಕಾದ ಔಷಧಿ. ಮಧ್ಯಾಹ್ನ ಬೆನ್ನಿಂದ ನೀರು ತೆಗೆದರು. ಮಾರನೆಯ ದಿನ ವರದಿ ಬಂತು. ಆ ನೀರಿನ ತುಂಬ ವೈರಸ್ಸು. ಡಾಕ್ಟರ್ ಅದನ್ನು ನನಗೆ ತೋರಿಸಿ, “ಇದಕ್ಕೆ ಕಾದು ಇವತ್ತು ಔಷಧಿ ಶುರು ಮಾಡಿದ್ದಿದ್ರೆ…” ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ನಾನು ಮಂಗಳವಾರದ ಬಗ್ಗೆ ಯೋಚಿಸುತ್ತಿದ್ದೆ.

ಅಲ್ಲಿಂದ ಮೂರು ವಾರ ನಮ್ಮದು ಹಗ್ಗದ ಮೇಲಿನ ನಡಿಗೆ. ಬೆಳಗಾದರೆ ಮೂತ್ರಪಿಂಡದ ಅಂಕಿ ನೋಡುವುದು, ಅದು ಏರಿದಷ್ಟೂ ಅಪಾಯ. ಒಂದು ಪಾಯಿಂಟ್ ಆರು ಇದ್ದದ್ದು ಎರಡಾಯಿತು, ಎರಡು ಪಾಯಿಂಟ್ ಮೂರಾಯಿತು. ಔಷಧಿಯ ಪ್ರಮಾಣ ಇಳಿಸಿದರು. ಇಳಿಸಿದರೆ ವೈರಸ್ ಏಳುತ್ತದೋ ಎಂಬ ಹೆದರಿಕೆ, ಇಳಿಸದಿದ್ದರೆ ಮೂತ್ರ ನಿಲ್ಲುತ್ತದೋ ಎಂಬ ಹೆದರಿಕೆ. ಸುಣ್ಣದಂಶ ಇಳಿದು ಅವನ ತುಟಿ ಜುಮುಗುಟ್ಟುತ್ತಿತ್ತು. ಎರಡು ಪಾಯಿಂಟ್ ಆರು ಮುಟ್ಟಿದ ದಿನ ಡಯಾಲಿಸಿಸ್ ಯಂತ್ರವನ್ನು ಬಾಗಿಲ ತನಕ ತಂದು ನಿಲ್ಲಿಸಿದ್ದೆವು. ಅದು ಅಲ್ಲೇ ನಿಂತಿತು. ಮಾರನೆಯ ದಿನ ಅಂಕಿ ಏರಲಿಲ್ಲ, ಅದರ ಮಾರನೆಯ ದಿನ ಒಂದು ಕೂದಲೆಳೆ ಇಳಿಯಿತು.

ಈ ನಡುವೆ ನಾನು ತಪ್ಪೊಪ್ಪಿಗೆ ಬರೆದುಕೊಟ್ಟೆ. ಮೇಲ್ವಿಚಾರಕಿ ಲಿಖಿತ ಎಚ್ಚರಿಕೆ ಕೊಟ್ಟಳು, ಅದು ನನ್ನ ಕಡತದಲ್ಲಿ ಇದೆ, ಇರಲಿ. ಪ್ರಶ್ನೆ ಕೇಳುವಾಗ ಸಂಬಂಧಿಗಳು ಹೊರಗಿರಬೇಕೆಂದು ನಿಯಮ ಬಂತು, ಉತ್ತರ ಹೇಳಿದ್ದು ಯಾರು ಎಂದು ಬರೆಯಲು ಕಡತದಲ್ಲಿ ಹೊಸ ಖಾನೆಯೂ ಬಂತು. ರೋಗಿಗಳ ಮನೆಯವರೆಲ್ಲ ನನಗೆ ಹಿಡಿಶಾಪ ಹಾಕಿದರು.

ವೈರಸ್ ಹೋಯಿತು. ಆದರೆ ನೆನಪು? ಪಾರ್ಥೇನಾಳನ್ನು ಗುರುತಿಸುತ್ತಿದ್ದ. ಹಳೆಯ ಗಿರಾಕಿಗಳ ಹೆಸರೆಲ್ಲ ಹೇಳುತ್ತಿದ್ದ. ಹೊಸದು ಮಾತ್ರ ಒಂದೂ ನಿಲ್ಲುತ್ತಿರಲಿಲ್ಲ. ನಾನು ದಿನಾ ಬೆಳಗ್ಗೆ ಒಳಗೆ ಹೋದರೆ, “ಸಿಸ್ಟರ್, ನೀವು ಹೊಸಬರಾ? ನಾನು ಅನೇಸ್ತಿಸ್” ಎಂದು ಮರ್ಯಾದೆಯಿಂದ ಪರಿಚಯ ಹೇಳಿಕೊಳ್ಳುತ್ತಿದ್ದ. ಎರಡು ತಿಂಗಳು ಅವನ ವಾಂತಿ ಬಾಚಿದವಳು ನಾನು. “ನಾನು ಎವಾಂಥಿಯಾ” ಎಂದು ನಾನೂ ಹೇಳುತ್ತಿದ್ದೆ. ಹೊರಗೆ ಬಂದು ಔಷಧಿಯ ಕೋಣೆಯಲ್ಲಿ ಅತ್ತಿದ್ದೇನೆ. ಮಂಗಳವಾರವೇ ಸರಿಯಾಗಿ ಕೇಳಿದ್ದರೆ ಇವನಿಗೆ ನನ್ನ ಹೆಸರು ನೆನಪಿರುತ್ತಿತ್ತೇನೋ, ಯಾರು ಹೇಳಬೇಕು.

ಔಷಧಿ ಶುರುವಾದ ಆರನೆಯ ವಾರ ಡಾಕ್ಟರ್ ಝಫೀರಿಸ್ ಪಾರ್ಥೇನಾಳನ್ನು ಕೂರಿಸಿಕೊಂಡು ಸುತ್ತಿಬಳಸದೆ ಹೇಳಿದರು. ಹೊಸ ನೆನಪು ಈಗ ನಿಲ್ಲಲು ಶುರುವಾಗದಿದ್ದರೆ ಮುಂದೆ ನಿಲ್ಲುವುದು ಕಷ್ಟ. “ಇವತ್ತು ಕೇಳಿ ನೋಡ್ತೀನಿ. ನೀವು ಹೊರಗಿರಿ.”

“ಒಳಗೇ ಇರ್ತೀನಿ ಡಾಕ್ಟ್ರೇ. ನಾನಿಲ್ಲ ಅಂದ್ರೆ ನಾನೆಲ್ಲಿ ಅಂತಾನೇ ಕೇಳ್ತಾ ಕೂರ್ತಾರೆ. ಬಾಯಿ ಬಿಡಲ್ಲ. ನನ್ನ ಮಕ್ಕಳಾಣೆ.”

ಡಾಕ್ಟರ್ ನನ್ನ ಕಡೆ ನೋಡಿದರು. ನಾನು ಇರಲಿ ಎಂದು ತಲೆಯಾಡಿಸಿದೆ. ಯಾಕೆ ತಲೆಯಾಡಿಸಿದೆನೋ ಇವತ್ತಿಗೂ ಗೊತ್ತಿಲ್ಲ.

ಅವಳು ಕುರ್ಚಿಯಲ್ಲಿ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು. ಡಾಕ್ಟರ್ ಮಂಚದ ತುದಿಯಲ್ಲಿ ಕೂತರು. ನಾನು ಕಡತ ಹಿಡಿದು ನಿಂತೆ.

“ಯಾವ ತಿಂಗಳು ಅನೇಸ್ತಿಸ್ ಅವರೇ?”

“ಅಕ್ಟೋಬರ್.”

ಡಿಸೆಂಬರ್ ಅರ್ಧ ಮುಗಿದಿತ್ತು. ಪಾರ್ಥೇನಾ ಕಣ್ಣು ಮುಚ್ಚಿಕೊಂಡಳು.

“ಯಾವ ವಾರ?”

ಅವನು ಅಭ್ಯಾಸದಂತೆ ಹೆಂಡತಿಯ ಕಡೆ ತಿರುಗಿದ. ಅವಳು ಮಾತಾಡಲಿಲ್ಲ. ಅವನು ಕಾದ.

“ಹೇಳೇ.”

“ನಂಗೊತ್ತಿಲ್ಲ” ಎಂದಳು ಪಾರ್ಥೇನಾ.

ಅವನು ಹೆದರಿದ ಹಾಗೆ ಕಂಡ. ಮೂವತ್ತು ವರ್ಷದಲ್ಲಿ ಆ ಮಾತನ್ನು ಅವಳ ಬಾಯಿಂದ ಕೇಳಿರಲಿಕ್ಕಿಲ್ಲ. ಮೇಜಿನ ಕಡೆ ನೋಡಿದ, ಅಲ್ಲಿ ಏನೂ ಇರಲಿಲ್ಲ. ನಗಿಸುವ ಮಾತೊಂದು ತುಟಿಯ ತನಕ ಬಂದದ್ದು ಕಾಣಿಸಿತು, ಅವನು ಅದನ್ನು ನುಂಗಿದ. ತನ್ನ ಕಾಲು ನೋಡಿಕೊಂಡು ಬಹಳ ಹೊತ್ತು ಕೂತ. ಡಾಕ್ಟರ್ ಇನ್ನೇನು ಏಳಬೇಕು.

“ಕಾಲಿಗೆ ವ್ಯಾಯಾಮ ಮಾಡಿಸೋ ಹುಡುಗಿ ಇವತ್ತು ಬರ್ಲಿಲ್ಲ” ಎಂದ ನಿಧಾನವಾಗಿ. “ನಿನ್ನೇನೂ ಬರ್ಲಿಲ್ಲ. ಎರಡು ದಿನ ಒಟ್ಟಿಗೆ ಬರ್ದೇ ಇದ್ರೆ… ಭಾನುವಾರ.”

ಭಾನುವಾರವೇ. ಶನಿವಾರ, ಭಾನುವಾರ ಆ ಹುಡುಗಿಗೆ ರಜೆ. ಡಾಕ್ಟರ್ ಕತ್ತೆತ್ತಿ ನನ್ನನ್ನು ನೋಡಿದರು. ಅವರು ವಾರದ ಹೆಸರಿಗೆ ನೋಡಿದ್ದಲ್ಲ, ‘ನಿನ್ನೆ’ ಎಂದಿದ್ದಕ್ಕೆ ನೋಡಿದ್ದು. ಪಾರ್ಥೇನಾ ಎರಡೂ ಕೈ ಹೊರಗೆಳೆದು ಮುಖ ಮುಚ್ಚಿಕೊಂಡು ಅಳತೊಡಗಿದಳು. “ಯಾಕೆ ಅಳ್ತೀಯೇ, ತಪ್ಪಾಯ್ತಾ?” ಎಂದು ಅವನು ಕೇಳುತ್ತಿದ್ದ.

ತಿಂಗಳು ತಪ್ಪು, ವಾರ ಸರಿ ಎಂದು ಬರೆದೆ. ಉತ್ತರ ಹೇಳಿದ್ದು ಯಾರು ಎಂಬಲ್ಲಿ ‘ಅವರೇ’ ಎಂದು ಬರೆದು ಸಹಿ ಹಾಕಿದೆ. ಕಣ್ಣು ಮಂಜಾಗಿ ಸಹಿ ಗೆರೆಯಿಂದ ಕೆಳಗೆ ಹೋಯಿತು.